ಕಿಟಕಿಯಿಲ್ಲದ ಗೋಡೆಗೆ ಪರದೆ

ವರ್ಷಕ್ಕೊಂದು ದಿನ ನಮ್ಮ ಮನೆಯ ಬೀರುವಿಗೆ ಕಾಲು ಬರುತ್ತಿತ್ತು. ಉಳಿದ ದಿನವೆಲ್ಲ ಅದು ಮುಂದಿನ ಕೋಣೆಯಲ್ಲಿ, ನನ್ನ ಹೊಲಿಗೆ ಮೆಷಿನ್ನಿನ ಪಕ್ಕ, ಬಾಯಿ ಮುಚ್ಚಿಕೊಂಡು ನಿಂತಿರುತ್ತಿತ್ತು. ನಗರಸಭೆಯ ದುರಸ್ತಿ ಸಮಿತಿ ಬರುವ ದಿನ ಬೆಳಿಗ್ಗೆ ಮಾತ್ರ ಅತ್ತೆ ಅದನ್ನು ಮಗನ ಕೈಲಿ ಹಿಂದಿನ ಕೋಣೆಗೆ ತಳ್ಳಿಸುತ್ತಿದ್ದರು. ಅಲ್ಲಿ ಒಂದು ಗೋಡೆ ಸೂರಿನಿಂದ ನೆಲದವರೆಗೆ ಬೂಷ್ಟು ಹಿಡಿದು ಕಪ್ಪಾಗಿತ್ತು. ಬೀರು ಅದಕ್ಕೆ ಬೆನ್ನು ಕೊಟ್ಟು ನಿಂತು, ಅದರ ಮೇಲೆ ಎರಡು ಪೆಟ್ಟಿಗೆ ಕೂತರೆ ಮುಗೀತು, ನಮ್ಮಷ್ಟು ಚೊಕ್ಕ ಮನೆ ಇನ್ನೊಂದಿಲ್ಲ. ಯಾವಾಗಲೂ ಅಲ್ಲೇ ಬಿಡಬಹುದಿತ್ತಲ್ಲ ಅನ್ನಬೇಡಿ. ಒಂದು ಸಲ ಬಿಟ್ಟಿದ್ದೆವು. ಬೀರುವಿನ ಬೆನ್ನಿಗೆ ತುಕ್ಕು ಹಿಡಿದು ಒಳಗಿನ ಬಟ್ಟೆಗೆಲ್ಲ ಕಲೆಯಾಯಿತು.

ಇಲ್ಲಿನ ಕಟ್ಟಡಗಳೆಲ್ಲ ನಗರಸಭೆಯವು, ಸಮಿತಿಯವರು ಕಟ್ಟಡಕ್ಕೊಂದು ಮನೆ ನೋಡುತ್ತಾರೆ. ಯಾವ ಮನೆ ಎಂದು ಬಾಡಿಗೆದಾರರೇ ಆರಿಸಿ ಹೇಳಬೇಕು. ಬೇರೆ ಕಟ್ಟಡಗಳವರು ಬುದ್ಧಿವಂತರು, ಇದ್ದುದರಲ್ಲಿ ತೀರಾ ಹಾಳಾದ ಮನೆ ತೋರಿಸುತ್ತಾರೆ. ನಮ್ಮವರು? ಮೂರನೇ ಮಹಡಿ ಹತ್ತಿಸಿಕೊಂಡು ಬಂದು ನಮ್ಮ ಅತ್ತೆಯ ಮನೆ ತೋರಿಸುತ್ತಿದ್ದರು. ನೆಲ ಹೊಳೆಯುವುದೇನು, ಗಾಜು ಫಳಫಳ ಅನ್ನುವುದೇನು! ಬಂದವರು 'ಉತ್ತಮ ಸ್ಥಿತಿ' ಎಂದು ಬರೆದುಕೊಂಡು, ಬೆನ್ನು ತಟ್ಟಿ ಇಳಿದು ಹೋಗುತ್ತಿದ್ದರು. ಕಟ್ಟಡಕ್ಕೆ ಕಟ್ಟಡವೇ ಒಂದು ವಾರ ಬೀಗುತ್ತಿತ್ತು. ಆಮೇಲೆ ದುರಸ್ತಿ ಕೆಲಸ ನಮ್ಮ ಹಿಂಬದಿಯ ಕಟ್ಟಡಕ್ಕೆ ಹೋಗುತ್ತಿತ್ತು. ಅವರ ಕೊಳಾಯಿ ಹೊಸದು, ಅವರ ತಾರಸಿ ಹೊಸದು. ನಮಗೆ ಹೊಗಳಿಕೆ.

ನನ್ನ ಮೂಗಿನ ತುದಿಯಲ್ಲೇ ಸಿಟ್ಟು ಅನ್ನುತ್ತಾರೆ ಎಲ್ಲರೂ. ಇರಲಿ. ನನ್ನ ಮಗಳು ಕೆಮ್ಮುವುದನ್ನು ಅವರೂ ಒಂದು ವರ್ಷ ಕೇಳಿಸಿಕೊಂಡಿದ್ದರೆ ಅವರ ಸಿಟ್ಟು ಎಲ್ಲಿರುತ್ತಿತ್ತೋ ನೋಡಬೇಕಿತ್ತು.

ಪುಟ್ಟಿ ಮಲಗುವುದು ಆ ಹಿಂದಿನ ಕೋಣೆಯಲ್ಲಿ. ಮುಂದಿನ ಕೋಣೆಗೆ ತಂದು ಮಲಗಿಸಿ ನೋಡಿದೆ. ಅಲ್ಲಿ ನನ್ನ ಹೊಲಿಗೆಯ ನೂಲುಧೂಳಿಗೆ ಕೆಮ್ಮು ಇನ್ನೂ ಹೆಚ್ಚಾಯಿತು. ಹೊಲಿಗೆ ಬಿಡೋಣವೆಂದರೆ ಗಂಡನ ಬಸ್ಸಿನ ಸಂಬಳವೊಂದರಲ್ಲೇ ಮನೆ ನಡೆಯುವುದಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಅವಳ ಬೆನ್ನಿಗೆ ಯಂತ್ರ ಒತ್ತಿ ಬಹಳ ಹೊತ್ತು ಕೇಳಿದರು.

"ಗೋಡೆ ತೇವ ಇದೆಯಾ ಮನೇಲಿ?" ಎಂದರು.

"ಇದೆ."

"ಔಷಧಿ ಬರ್ಕೊಡ್ತೀನಮ್ಮ. ಆದ್ರೆ ಆ ಗೋಡೆ ಪಕ್ಕ ಮಲಗ್ತಿರೋವರೆಗೂ ಔಷಧಿ ಏನೂ ಮಾಡಲ್ಲ. ಇನ್ನೊಂದೆರಡು ಚಳಿಗಾಲ ಹೀಗೇ ಕಳೆದ್ರೆ ಮಗು ಉಸಿರು ಮೊದಲಿನ ಹಾಗೆ ಆಗೋದೇ ಇಲ್ಲ."

ಮನೆಗೆ ಬರುವಾಗ ಪುಟ್ಟಿಯನ್ನು ಎತ್ತಿಕೊಂಡೇ ಬಂದೆ. ಎತ್ತಿಕೊಳ್ಳುವ ವಯಸ್ಸಲ್ಲ ಅವಳದು. ಮೆಟ್ಟಿಲ ಬುಡದಲ್ಲಿ ನಗರಸಭೆಯ ನೋಟೀಸು ಅಂಟಿಸಿದ್ದರು. ಈ ವರ್ಷ ಯಾವ ಕಟ್ಟಡ 'ಉತ್ತಮ ಸ್ಥಿತಿ' ಅನ್ನಿಸಿಕೊಳ್ಳುತ್ತದೋ ಅದನ್ನು ದುರಸ್ತಿಯ ಪಟ್ಟಿಯಿಂದಲೇ ತೆಗೆಯುತ್ತಾರಂತೆ, ಮುಂದಿನ ಐದು ವರ್ಷ ಅದರ ಕಡೆ ತಿರುಗಿಯೂ ನೋಡುವುದಿಲ್ಲವಂತೆ. ಮೇಲೆ ಹತ್ತಿ ಬಂದವಳೇ ಚಪ್ಪಲಿಯನ್ನೂ ಬಿಡದೆ ಹೇಳಿದೆ.

"ಅತ್ತೆ, ಈ ಸಲ ಬೀರು ಜರುಗಲ್ಲ."

ಅವರು ಕಿಟಕಿ ಗಾಜು ಒರೆಸುತ್ತಿದ್ದರು. ಕೈ ನಿಲ್ಲಿಸಲಿಲ್ಲ. "ನಾಲ್ಕು ಜನದ ಮುಂದೆ ನನ್ನ ಮನೆ ಕೊಳಕು ತೋರಿಸ್ಬೇಕಾ?"

"ಅದು ನಮ್ಮ ಕೊಳಕಲ್ಲ ಅತ್ತೆ! ತಾರಸಿ ನೀರು ಇಳಿಯೋ ಪೈಪು ಆ ಗೋಡೆ ಒಳಗೇ ಇದೆ. ಅದು ಒಡೆದಿದೆ. ಅದನ್ನ ಸರಿ ಮಾಡೋದು ಅವರ ಕೆಲಸ. ನೀವು ತಿಪ್ಪೆ ಸಾರಿಸ್ಕೊಂಡು ಕೂತಿದ್ರೆ ಅವರಿಗೇನು ಕನಸು ಬೀಳತ್ತಾ?"

"ಬಾಯಿ ಜಾಸ್ತಿ ಆಯ್ತು ನಿಂದು."

"ಮಗು ಉಸಿರು ಕಮ್ಮಿ ಆಯ್ತಲ್ಲ, ಅದಕ್ಕೆ ನನ್ನ ಬಾಯಿ ಜಾಸ್ತಿ ಆಯ್ತು!"

ಅತ್ತೆ ಬಟ್ಟೆಯನ್ನು ಬಕೆಟ್ಟಿಗೆ ಎಸೆದು ಅಡಿಗೆ ಮೂಲೆಗೆ ಹೋದರು. ಅಷ್ಟರಲ್ಲಿ ಗಂಡ ಡ್ಯೂಟಿ ಮುಗಿಸಿ ಬಂದ. ಇಬ್ಬರ ಮುಖ ನೋಡಿದವನೇ ಬ್ರೆಡ್ಡು ತರುತ್ತೇನೆಂದು ಕಾಲಿಗೆ ಬುದ್ಧಿ ಹೇಳಿದ. ಡಬ್ಬಿ ತುಂಬ ಬ್ರೆಡ್ಡಿತ್ತು.

ಅತ್ತೆ ಕೆಟ್ಟವರಲ್ಲ. ಪುಟ್ಟಿ ಅಂದರೆ ಅವರಿಗೆ ಜೀವ. ಅವರು ಆಯುಷ್ಯವೆಲ್ಲ ನಗರಸಭೆಯ ಸಭಾಂಗಣ ಗುಡಿಸಿ ಒರೆಸಿದವರು, ಆ ಲೆಕ್ಕದಲ್ಲೇ ಈ ಮನೆ ಸಿಕ್ಕಿದ್ದು. ಬೀಗದ ಕೈ ಕೊಡುವಾಗ ಅಲ್ಲಿದ್ದ ಒಬ್ಬ ಅಧಿಕಾರಿ ಪಕ್ಕದವನಿಗೆ, ಇವರಿಗೆ ಕೇಳಿಸುವ ಹಾಗೇ, "ಇಂಥವರಿಗೆ ಮನೆ ಕೊಟ್ರೆ ವರ್ಷದೊಳಗೆ ಹಂದಿಗೂಡು ಮಾಡಿಡ್ತಾರೆ" ಅಂದನಂತೆ. ಆ ಮಾತು ಇವರ ಹೊಟ್ಟೆಯಲ್ಲಿ ಇನ್ನೂ ಕರಗಿರಲಿಲ್ಲ. ಆ ಅಧಿಕಾರಿ ನಿವೃತ್ತಿಯಾಗಿ ಸತ್ತೂ ಹೋಗಿದ್ದ. ಇವರು ಮಾತ್ರ ಅವನಿಗೆ ತೋರಿಸಲೆಂದು ದಿನಾ ನೆಲ ತಿಕ್ಕುತ್ತಿದ್ದರು. ಇದೆಲ್ಲ ನನಗೆ ಗೊತ್ತು. ಗೊತ್ತಿದ್ದೂ ಅವತ್ತು ನನಗೆ ಕನಿಕರ ಬರಲಿಲ್ಲ.

ಮರುದಿನ ಕೆಳಗಿನ ಮನೆಯ ಕತ್ತರಿ ಮಾವನಿಗೆ ಪರದೆ ಕೊಡುವುದಿತ್ತು. ಕ್ಷೌರದಂಗಡಿ ಇಟ್ಟವರು, ಅದಕ್ಕೇ ಆ ಹೆಸರು. ಎತ್ತರದ ಕಿಟಕಿಗೆ ಬೇಕು, ದಪ್ಪ ಬಟ್ಟೆಯೇ ಆಗಬೇಕು ಎಂದು ಅಳತೆಯನ್ನು ತಾವೇ ತಂದುಕೊಟ್ಟಿದ್ದರು. ಮಡಿಚಿ ಕೈಗೆ ಕೊಡಲು ಹೋದರೆ ಮಾವ ಅಂಗಡಿಯಲ್ಲಿದ್ದರು, ಅವರ ಹೆಂಡತಿ ಅತ್ತೆಮ್ಮ ಸ್ನಾನಕ್ಕೆ ಹೋಗಿದ್ದರು. ಕಷ್ಟಪಟ್ಟು ಹೊಲಿದಿದ್ದೇನೆ, ನಾನೇ ತೂಗುಹಾಕಿ ಹೋಗೋಣ ಎಂದು ಹಿಂದಿನ ಕೋಣೆಗೆ ಹೋದೆ. ಗೋಡೆಯ ಮೇಲೆ ಕೋಲು ಜೋಡಿಸಿಟ್ಟಿದ್ದರು. ಕೆಳಗೆ ಕಿಟಕಿ ಇರಲಿಲ್ಲ. ಇದ್ದದ್ದು ನಮ್ಮ ಮನೆಯದೇ ಕಪ್ಪು ಪಟ್ಟಿ. ನಮ್ಮದು ಎಲ್ಲಿ ನೆಲಕ್ಕೆ ಮುಟ್ಟುತ್ತದೋ, ಇಲ್ಲಿ ಅದೇ ಜಾಗದಲ್ಲಿ ಸೂರಿನಿಂದ ಶುರುವಾಗಿತ್ತು.

ಮೊದಲು ನಗು ಬಂತು. ಪರದೆಯನ್ನು ಎದೆಗವಚಿಕೊಂಡು ಹುಚ್ಚಿಯ ಹಾಗೆ ನಕ್ಕೆ. ಆಮೇಲೆ ತಲೆ ಕೆಟ್ಟುಹೋಯಿತು.

ಸ್ನಾನ ಮುಗಿಸಿ ಬಂದ ಅತ್ತೆಮ್ಮ ನನ್ನನ್ನು ನೋಡಿ ತಲೆಯ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡರು. "ಯಾರ ಹತ್ರಾನೂ ಹೇಳ್ಬೇಡ ಕಣಮ್ಮ. ನಿಮ್ಮ ಅತ್ತೆಗೆ ಗೊತ್ತಾದ್ರೆ ನನಗೆ ಮುಖ ಎತ್ಕೊಂಡು ಓಡಾಡೋಕಾಗಲ್ಲ. ಅವರ ಮನೆ ನೋಡು, ಹೇಗಿಟ್ಕೊಂಡಿದಾರೆ!"

"ನಮ್ಮ ಮನೆ ಬೀರು ಹಿಂದೆ ಏನಿದೆ ಗೊತ್ತಾ ನಿಮಗೆ?"

ಅವರು ಕಣ್ಣು ಬಿಟ್ಟರು.

ನಾನು ಅಲ್ಲಿಂದ ಮೊದಲ ಮಹಡಿಗೆ ಇಳಿದೆ. ಟೀಚರಮ್ಮನ ಮನೆಯಲ್ಲಿ ಅದೇ ಗೋಡೆಗೆ ಪುಸ್ತಕದ ಕಪಾಟು. ಎಷ್ಟು ಓದುತ್ತಾರಪ್ಪ ಎಂದು ಇಷ್ಟು ವರ್ಷ ಗೌರವ ಇಟ್ಟುಕೊಂಡಿದ್ದೆ. ಒಂದು ಪುಸ್ತಕ ಎಳೆದೆ, ಹಾಳೆಗಳೆಲ್ಲ ಅಂಟಿಕೊಂಡು ಇಟ್ಟಿಗೆಯಾಗಿತ್ತು. ನೆಲಮಹಡಿಯಲ್ಲಿ ನಿವೃತ್ತ ಪೊಲೀಸು, ನಮಗೆಲ್ಲ ದಫೇದಾರರು. ಅವರ ಮನೆಯ ಆ ಗೋಡೆಯ ಮೇಲೆ ಸಮವಸ್ತ್ರದಲ್ಲಿ ಅವರದೇ ಫೋಟೋ, ಆಳೆತ್ತರದ್ದು. ಇದೆಂಥ ಜಂಭದ ಮನುಷ್ಯ ಎಂದು ನಾನು ಗಂಡನ ಹತ್ತಿರ ಎಷ್ಟೋ ಸಲ ಆಡಿಕೊಂಡಿದ್ದೆ. ಪಾಪ, ಫೋಟೋದಲ್ಲಿ ಸೊಂಟದಿಂದ ಕೆಳಗೆ ದಫೇದಾರರು ಬೂಷ್ಟಾಗಿದ್ದರು.

"ಇದೊಂದು ಮನೆಗೆ ಮಾತ್ರ ಹೀಗೆ ಅಂದ್ಕೊಂಡಿದ್ದೆ" ಎಂದರು ದಫೇದಾರರು. ಟೀಚರಮ್ಮನೂ ಅದನ್ನೇ ಹೇಳಿದ್ದರು, ಅತ್ತೆಮ್ಮನೂ ಅದನ್ನೇ ಹೇಳಿದ್ದರು. ನಾವೂ ಅದನ್ನೇ ಅಂದುಕೊಂಡಿದ್ದೆವು. ದಿನಾ ಒಂದೇ ಮೆಟ್ಟಿಲು ಹತ್ತಿಳಿಯುವವರು, ಒಬ್ಬರ ಸಕ್ಕರೆ ಇನ್ನೊಬ್ಬರು ಸಾಲ ತರುವವರು. ಒಡೆದ ಒಂದೇ ಪೈಪನ್ನು ನಾಲ್ಕು ಮನೆಯವರು ನಾಲ್ಕು ಗುಟ್ಟು ಮಾಡಿಕೊಂಡು ಕೂತಿದ್ದೆವಲ್ಲ, ಇದಕ್ಕಿಂತ ಪೆದ್ದುತನ ಬೇಕೆ!

ಅವತ್ತು ಸಂಜೆ ಎಲ್ಲರನ್ನೂ ಮೂರನೇ ಮಹಡಿಯ ಮೆಟ್ಟಿಲ ಮೇಲೆ ಕೂರಿಸಿದೆ. ನಮ್ಮ ಮನೆಯ ಬಾಗಿಲು ಅರ್ಧ ತೆರೆದಿತ್ತು. ಅತ್ತೆ ಹೊರಗೆ ಬರಲಿಲ್ಲ. ಬಾಗಿಲ ಹಿಂದೆ ಅವರ ಚಪ್ಪಲಿ ಮಾತ್ರ ಕಾಣುತ್ತಿತ್ತು. ಎಲ್ಲರೂ ಮುಚ್ಚಿದ್ದನ್ನು ತೆಗೆಯಬೇಕು, ಸಮಿತಿ ಬಂದ ದಿನ ಗೋಡೆ ಕಾಣಬೇಕು ಎಂದೆ.

ಟೀಚರಮ್ಮ ಗಂಟಲು ಸರಿಮಾಡಿಕೊಂಡರು. "ನಾನು ಒಂದ್ಸಲ ಹೋಗಿ ಹೇಳಿದ್ದೆ, ನಗರಸಭೆಗೆ. ಯಾರಿಗೂ ಹೇಳಿರ್ಲಿಲ್ಲ. ಇಂಜಿನಿಯರ್ ಏನಂದ್ರು ಗೊತ್ತಾ? 'ನೀವು ಕಿಟಕಿ ತೆಗೆಯಲ್ಲ, ಒಳಗೇ ಬಟ್ಟೆ ಒಣಗಿಸ್ತೀರಿ, ಮನೆ ಸರಿಯಾಗಿ ಇಟ್ಕೊಳ್ಳಲ್ಲ, ಅದಕ್ಕೇ ಬೂಷ್ಟು. ಬಾಡಿಗೆದಾರರ ತಪ್ಪಿಗೆ ನಗರಸಭೆ ಖರ್ಚು ಮಾಡಲ್ಲ' ಅಂದ್ರು. ಇಪ್ಪತ್ತು ವರ್ಷ ಮಕ್ಕಳಿಗೆ ಶುಚಿ ಅಂದ್ರೇನು ಅಂತ ಪಾಠ ಮಾಡಿದವಳು ನಾನು. ನೆಲ ನೋಡ್ಕೊಂಡು ವಾಪಸ್ ಬಂದೆ."

ಕತ್ತರಿ ಮಾವ ತಲೆ ಕೆರೆದುಕೊಂಡರು. "ಈ ಸಲಾನೂ ಅದನ್ನೇ ಅಂದ್ರೆ?"

"ಅಂದ್ರೆ ನಾನಿದೀನಿ, ಬಿಡಲ್ಲ" ಎಂದೆ. ಏನು ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಯಾವ ಮನೆ ತೋರಿಸುವುದು ಎಂಬ ಮಾತು ಬಂತು. ಮಗು ಇರುವ ಮನೆಯೇ ಇರಲಿ, ಎಂದಿನಂತೆ ಮೂರನೇ ಮಹಡಿಯದೇ ಇರಲಿ ಎಂದರು ದಫೇದಾರರು. ಆಗ ಬಾಗಿಲ ಹಿಂದಿನಿಂದ ಅತ್ತೆಯ ದನಿ ಬಂತು.

"ಸರಿ. ನನ್ನ ಮನೇನೇ ತೋರಿಸೋಣ. ಆದ್ರೆ ಅಲ್ಲಿ ಏನು ತೋರಿಸ್ಬೇಕು, ಹೇಗೆ ತೋರಿಸ್ಬೇಕು ಅಂತ ನನಗೆ ಯಾರೂ ಹೇಳ್ಕೊಡೋದು ಬೇಡ."

ಬಾಗಿಲು ಮುಚ್ಚಿತು. ಎಲ್ಲರೂ ನನ್ನ ಮುಖ ನೋಡಿದರು. ನಾನು ಯಾರ ಮುಖವನ್ನೂ ನೋಡಲಿಲ್ಲ.

ಸಮಿತಿ ಬಂದ ದಿನ ಬೆಳಿಗ್ಗೆ ನಾನು ಕೆಳಗೆ ಕಾಯುತ್ತಿದ್ದೆ. ಬರುವಾಗ ನಮ್ಮ ಹಿಂದಿನ ಕೋಣೆಯನ್ನು ಕಣ್ಣಾರೆ ನೋಡಿಯೇ ಬಂದಿದ್ದೆ. ಕಪ್ಪು ಗೋಡೆ ಬೆತ್ತಲೆಯಾಗಿ ನಿಂತಿತ್ತು. ಕಾರಿನಿಂದ ಮೂವರು ಇಳಿದರು. ಸಮಿತಿಯ ಅಧ್ಯಕ್ಷೆ, ಎತ್ತರದ ಹೆಂಗಸು. ಇಂಜಿನಿಯರ್. ಬರೆದುಕೊಳ್ಳಲು ಒಬ್ಬ ಗುಮಾಸ್ತ.

"ನಾಲ್ಕೂ ಮನೆ ನೋಡ್ಬೇಕು ಮೇಡಂ" ಎಂದೆ.

"ಕಟ್ಟಡಕ್ಕೊಂದು ಮನೆ ಅಂತ ನಿಯಮ ಇದೆಯಮ್ಮ. ಇನ್ನೂ ತುಂಬ ಕಡೆ ಹೋಗ್ಬೇಕು" ಎಂದರು ಅಧ್ಯಕ್ಷೆ. ಸಿಡುಕಲಿಲ್ಲ, ನಿಲ್ಲಲೂ ಇಲ್ಲ.

ಅವರ ಹಿಂದೆ ಹತ್ತುತ್ತಿದ್ದೇನೆ, ಎರಡನೇ ಮಹಡಿಯ ತಿರುವಿನಲ್ಲಿ ಗಂಡ ಕೆಳಗಿಳಿಯುತ್ತ ಎದುರಾದ. ಹಣೆಯಲ್ಲಿ ಬೆವರು. ಅವನ ಮುಖ ನೋಡಿದ ತಕ್ಷಣ ಗೊತ್ತಾಯಿತು.

"ತಳ್ಳಿದ್ಯಾ?"

"ಅಮ್ಮ ತಳ್ಳು ಅಂದ್ರು. ಏನೇನೋ ಹೇಳಿದ್ರು. ನೀನೇ ಹೋಗಿ ನೋಡು" ಎಂದು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟ.

ಕೈಲಿ ಕತ್ತರಿ ಇರಲಿಲ್ಲ, ಅವನ ಪುಣ್ಯ. ಸಮಿತಿಯವರು ಏದುಸಿರು ಬಿಡುತ್ತ ಆಗಲೇ ಮನೆಯೊಳಗೆ ಕಾಲಿಟ್ಟಿದ್ದರು. ನಾನು ಒಳಗೆ ಹೋಗುವಷ್ಟರಲ್ಲಿ ಅತ್ತೆ ಒಗೆದ ಶಾಲು ಹೊದ್ದು, ತಲೆ ಬಾಚಿ, ಮದುವೆಮನೆಯ ಯಜಮಾನಿಯ ಹಾಗೆ ಅವರನ್ನು ಹಿಂದಿನ ಕೋಣೆಗೆ ಕರೆದೊಯ್ಯುತ್ತಿದ್ದರು. ಬೀರು ಗೋಡೆಗೆ ಅಂಟಿ ನಿಂತಿತ್ತು. ಮೇಲೆ ಎರಡು ಪೆಟ್ಟಿಗೆ. ಪುಟ್ಟಿ ಮಂಚದ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿದ್ದಳು. ನನಗೆ ಅಳು ಬಂತು. ಎಂಥ ಹೆಂಗಸಪ್ಪ ಇವರು, ಮೊಮ್ಮಗಳ ಉಸಿರಿಗಿಂತ ಇವರಿಗೆ ಮರ್ಯಾದೆ ಹೆಚ್ಚಾಯಿತಲ್ಲ ಎಂದು ಹೊಟ್ಟೆ ಉರಿದುಹೋಯಿತು. ಬಾಯಿ ತೆರೆದೆ. ಅತ್ತೆ ನನ್ನತ್ತ ಒಂದು ನೋಟ ಬಿಟ್ಟರು, ಅಂಥ ನೋಟ ಮೊದಲು ಕಂಡಿರಲಿಲ್ಲ. ಬಾಯಿ ತಾನಾಗಿ ಮುಚ್ಚಿಕೊಂಡಿತು.

"ಇಂಜಿನಿಯರ್ ಸಾಹೇಬ್ರೆ, ಮನೆ ಹೇಗಿಟ್ಕೊಂಡಿದೀನಿ, ನೋಡಿ ಹೇಳಿ" ಎಂದರು ಅತ್ತೆ.

"ಬಹಳ ಚೊಕ್ಕವಾಗಿದೆ ಅಜ್ಜಿ. ಎಲ್ಲರೂ ನಿಮ್ಮ ಹಾಗೆ ಇದ್ರೆ ನಮಗೆ ಕೆಲಸಾನೇ ಇರಲ್ಲ."

"ಕಿಟಕಿ ತೆಗೆದಿದೀನಾ?"

"ತೆಗೆದಿದೀರಿ."

"ಗಾಳಿ ಆಡ್ತಿದೆಯಾ?"

"ಚೆನ್ನಾಗಿ ಆಡ್ತಿದೆ."

"ಒಳಗೆ ಎಲ್ಲಾದ್ರೂ ಬಟ್ಟೆ ಒಣಗಿಸಿದೀನಾ? ಸರಿಯಾಗಿ ನೋಡಿ, ಸಂಕೋಚ ಬೇಡ. ಹೊರಗಡೆ ಹಗ್ಗ ಇದೆ, ಅದನ್ನೂ ನೋಡಿ."

ಇಂಜಿನಿಯರ್ ನಗುತ್ತ ಕಿಟಕಿಯಿಂದ ಹೊರಗೆ ಬಗ್ಗಿ ಹಗ್ಗ ನೋಡಿದರು. ಇಲ್ಲ, ಎಲ್ಲ ಸರಿಯಾಗಿದೆ ಎಂದರು. ಅಧ್ಯಕ್ಷೆಯೂ ನಕ್ಕರು. "ಇಂಥ ಮನೆಗೆ ದುರಸ್ತಿ ಏನು ಬೇಕು ಅಜ್ಜಿ?" ಎಂದರು.

"ಹೇಳ್ತೀನಿ. ಮೊದಲು ಇವರು ಹೇಳಿದ್ದನ್ನ ಬರ್ಕೊಳ್ಳಲಿ."

ಗುಮಾಸ್ತ ಬರೆದುಕೊಂಡ. ಅತ್ತೆ ಅವನಿಂದ ಅದನ್ನು ಜೋರಾಗಿ ಓದಿಸಿದರು. ಮನೆ ಅತ್ಯಂತ ಶುಚಿ, ಗಾಳಿ ಬೆಳಕು ಧಾರಾಳ, ಬಾಡಿಗೆದಾರರ ನಿರ್ವಹಣೆ ಉತ್ತಮ. ಕೇಳುವಾಗ ಅತ್ತೆಯ ಗಲ್ಲ ಒಂದು ಸಲ ನಡುಗಿತು. ಈ ಮಾತಿಗಾಗಿ ಅವರು ಎಷ್ಟು ನೆಲ ತಿಕ್ಕಿದ್ದರೋ. ಇಲ್ಲಿಗೆ ನಿಲ್ಲಿಸಿಬಿಡುತ್ತಾರೆ, ಇಷ್ಟೇ ಬೇಕಿತ್ತು ಇವರಿಗೆ ಎಂದುಕೊಂಡೆ.

ಅತ್ತೆ ಶಾಲು ತೆಗೆದು ಮಂಚದ ಮೇಲಿಟ್ಟರು. ತೋಳು ಮಡಿಚಿದರು.

"ಈಗ ಬನ್ನಿ, ಎಲ್ಲರೂ ಈ ಬೀರುವಿಗೆ ಒಂದು ಕೈ ಹಾಕಿ."

"ಏನಜ್ಜಿ?"

"ತಳ್ಳಿ ಅಂದೆ. ನೀವೂ ಬನ್ನಿ ಮೇಡಂ. ನನ್ನೊಬ್ಬಳ ಕೈಲಿ ಆಗಲ್ಲ. ಏಯ್, ಕಣ್ಣು ಬಿಟ್ಕೊಂಡು ನಿಂತ್ರೆ ಆಗಲ್ಲ, ಆ ಪೆಟ್ಟಿಗೆ ಇಳಿಸು."

ಕೊನೆಯದು ನನಗೆ ಹೇಳಿದ್ದು. ಪೆಟ್ಟಿಗೆ ಇಳಿಸಿದೆ. ಅಧ್ಯಕ್ಷೆ ಒಂದು ಕ್ಷಣ ಅತ್ತೆಯನ್ನು ನೋಡಿ, ಕೈಚೀಲವನ್ನು ಪುಟ್ಟಿಯ ಕೈಗೆ ಕೊಟ್ಟು ಬಂದು ಭುಜ ಕೊಟ್ಟರು. ಇಂಜಿನಿಯರ್ ಇನ್ನೊಂದು ಕಡೆ ಹಿಡಿದರು. ಬೀರು ಕಿರ್ರೆಂದು ಜರುಗಿತು.

ಬೂಷ್ಟಿನ ವಾಸನೆ ಕೋಣೆಗೆಲ್ಲ ನುಗ್ಗಿತು. ಇಂಜಿನಿಯರ್ ಗೋಡೆಗೆ ಕೈ ಇಟ್ಟರು. ಅಂಗೈಯಗಲದ ಗಾರೆ ಒದ್ದೆ ರೊಟ್ಟಿಯ ಹಾಗೆ ಅವರ ಕೈಗೇ ಬಂತು. ಪುಟ್ಟಿ ಕೆಮ್ಮಲು ಶುರು ಮಾಡಿದಳು. ಬಗ್ಗಿ ಬಗ್ಗಿ, ಕಣ್ಣಲ್ಲಿ ನೀರು ಬರುವ ತನಕ ಕೆಮ್ಮಿದಳು. ನಾನು ಓಡಿ ಎತ್ತಿಕೊಂಡೆ. ಅವಳು ಅಧ್ಯಕ್ಷೆಯ ಕೈಚೀಲ ಬಿಟ್ಟಿರಲಿಲ್ಲ. ಅವಳು ಕೆಮ್ಮಿದಾಗಲೆಲ್ಲ ಅದು ನನ್ನ ಬೆನ್ನಿಗೆ ಬಡಿಯುತ್ತಿತ್ತು.

"ಇದು... ಗಾಳಿ..." ಎಂದು ಇಂಜಿನಿಯರ್ ಶುರು ಮಾಡಿ ನಿಲ್ಲಿಸಿದರು.

"ಗಾಳಿ ಚೆನ್ನಾಗಿ ಆಡ್ತಿದೆ ಅಂದ್ರಲ್ಲ ಸಾಹೇಬ್ರೆ. ಬರೆದಾಯ್ತಲ್ಲ" ಎಂದರು ಅತ್ತೆ. ದನಿ ಏರಿಸಲಿಲ್ಲ. "ಮನೆ ಕೆಡಿಸಿದ್ದು ನಾನಲ್ಲ ಅಂತ ನೀವೇ ಹೇಳಿದ್ರಿ. ಹಾಗಾದ್ರೆ ಯಾರು ಅಂತಾನೂ ನೀವೇ ಹೇಳಿ."

ಇಂಜಿನಿಯರ್ ಗೋಡೆಯ ಮೇಲೆ ಕೆಳಗೆ ಕಣ್ಣಾಡಿಸಿದರು. ಬೆರಳಿನಿಂದ ಅಲ್ಲಲ್ಲಿ ಬಡಿದು ನೋಡಿದರು. "ಒಳಗೆ ಪೈಪು ಒಡೆದುಹೋಗಿದೆ ಮೇಡಂ" ಎಂದರು ಮೆಲ್ಲಗೆ. "ಇದು ನಮ್ಮದೇ."

"ಕೆಳಗೆ ಮೂರೂ ಮನೇಲಿ ಇದೇ ಗೋಡೆ ಹೀಗೇ ಇದೆ" ಎಂದೆ ನಾನು, ಕೊನೆಗೂ ಬಾಯಿ ಬಂದು.

"ಒಂದೇ ಮನೆ ಅಂತ ನಿಯಮ..." ಎಂದ ಗುಮಾಸ್ತ.

"ನೀವೇನು ಕಿಟಕಿಯಿಂದ ಇಳಿದು ಹೋಗ್ತೀರಾ?" ಎಂದರು ಅತ್ತೆ. "ಮೂರೂ ಮನೆ ದಾರೀಲೇ ಇವೆ. ಬಾಗಿಲು ತೆಗೆದಿದೆ."

ಅಧ್ಯಕ್ಷೆ ಕೈಗಂಟಿದ ತುಕ್ಕು ಒರೆಸಿಕೊಂಡರು. ಮೂರೂ ಮನೆ ನೋಡಿಕೊಂಡೇ ಇಳಿದರು. ದಫೇದಾರರು ಫೋಟೋ ಇಳಿಸಿ ಅದರ ಪಕ್ಕ ಸೆಟೆದು ನಿಂತಿದ್ದರಂತೆ, ಟೀಚರಮ್ಮ ಇಟ್ಟಿಗೆಯಾದ ಪುಸ್ತಕವನ್ನು ಇಂಜಿನಿಯರ್ ಕೈಗೇ ಕೊಟ್ಟರಂತೆ. ನಾನು ಹೋಗಲಿಲ್ಲ. ಮೇಲೆ, ಜರುಗಿದ ಬೀರುವಿಗೆ ಒರಗಿ ಅತ್ತೆ ನೆಲದ ಮೇಲೆ ಕೂತುಬಿಟ್ಟಿದ್ದರು.

"ನನಗೆ ಮೊದಲೇ ಹೇಳ್ಬಾರ್ದಿತ್ತಾ?" ಎಂದೆ. ಅಳುತ್ತಿದ್ದೆ, ಬೈಯುತ್ತಲೂ ಇದ್ದೆ.

"ಹೇಳಿದ್ರೆ ನಿನ್ನ ಮುಖದಲ್ಲೇ ಎಲ್ಲ ಬರೆದಿರ್ತಿತ್ತು. ಅವರು ಓದ್ಕೊಂಡ್ಬಿಡೋರು" ಎಂದರು. ಆಮೇಲೆ, "ಟೀಚರಮ್ಮಂಗೆ ಮನೆ ಸರಿಯಾಗಿ ಇಟ್ಕೊಳ್ಳಲ್ಲ ಅಂದ್ರಲ್ಲ ಕಣೇ. ಅಂಥವರಿಗೇ ಆ ಮಾತಾಡಿದ್ರಲ್ಲ" ಎಂದು ಮುಖ ಒರೆಸಿಕೊಂಡರು.

ದುರಸ್ತಿಯ ಪಟ್ಟಿ ತೀರ್ಮಾನಿಸುವ ನಗರಸಭೆಯ ಸಭೆಗೆ ಕಟ್ಟಡದವರೆಲ್ಲ ಹೋದೆವು. ಅತ್ತೆ ತಾವು ಒರೆಸುತ್ತಿದ್ದ ಸಭಾಂಗಣದಲ್ಲಿ ಮೊದಲ ಸಲ ಕುರ್ಚಿಯ ಮೇಲೆ ಕೂತರು. ನೆಲ ನೋಡಿ, "ಮೂಲೆ ಬಿಟ್ಟಿದಾರೆ" ಎಂದು ನನ್ನ ಕಿವಿಯಲ್ಲಿ ಗೊಣಗಿದರು. ಒಬ್ಬ ಸದಸ್ಯರು ಎದ್ದು, ಈ ಕಟ್ಟಡ ಪ್ರತಿ ವರ್ಷ 'ಉತ್ತಮ' ಎಂದೇ ಇದೆ, ಅವಸರವೇನು, ಮುಂದಿನ ವರ್ಷ ನೋಡೋಣ ಎಂದರು. ನಾನು ಎದ್ದು ನಿಂತೆ. ಪ್ರೇಕ್ಷಕರು ಮಾತಾಡುವಂತಿಲ್ಲ ಎಂದು ಯಾರೋ ಗದರಿದರು. ಮಾತಾಡದೆ ನಿಂತೇ ಇದ್ದೆ. ಅತ್ತೆ ಎದ್ದರು, ಟೀಚರಮ್ಮ ಎದ್ದರು, ದಫೇದಾರರು, ಕತ್ತರಿ ಮಾವ, ಅತ್ತೆಮ್ಮ, ರಜೆ ಹಾಕಿ ಬಂದಿದ್ದ ನನ್ನ ಗಂಡ, ಎಲ್ಲರೂ ಎದ್ದು ನಿಂತರು.

ಅಧ್ಯಕ್ಷೆ ಆ ಸದಸ್ಯರ ಕಡೆ ತಿರುಗಿದರು. "ಉತ್ತಮ ಅಂತ ಬರೆದವರಲ್ಲಿ ನಾನೂ ಒಬ್ಬಳು. ನಾವು ನೋಡಿದ್ದು ಆ ಅಜ್ಜಿಯ ದುಡಿಮೆಯನ್ನ, ನಮ್ಮ ಕಟ್ಟಡವನ್ನಲ್ಲ. ಈ ಸಲ ಆ ಬೀರು ನಾನೇ ತಳ್ಳಿ ನೋಡಿದೀನಿ. ಆ ಕೋಣೇಲಿ ಒಂದು ಮಗು ಮಲಗತ್ತೆ. ಮತಕ್ಕೆ ಹಾಕೋಣ."

ಕೈಗಳು ಒಂದೊಂದಾಗಿ ಮೇಲೆದ್ದವು. ಮುಂದಿನ ವರ್ಷ ಎಂದವರ ಕೈ ಎಲ್ಲಕ್ಕಿಂತ ಕೊನೆಗೆ, ಅರ್ಧಕ್ಕೆ ಎದ್ದಿತು. ಕಟ್ಟಡಕ್ಕೊಂದೇ ಮನೆ ಎಂಬ ನಿಯಮವೂ ಅವತ್ತೇ ಹೋಯಿತು.

ಕೆಲಸದವರು ಬಂದು ಗೋಡೆ ಒಡೆದರು. ಹೇಳಿದ್ದಕ್ಕಿಂತ ಎರಡು ಪಟ್ಟು ದಿನ ತೆಗೆದುಕೊಂಡರು. ಮನೆಯೆಲ್ಲ ಧೂಳು, ಪುಟ್ಟಿಯನ್ನು ಟೀಚರಮ್ಮನ ಮುಂದಿನ ಕೋಣೆಯಲ್ಲಿ ಮಲಗಿಸಿದೆವು. ಅತ್ತೆ ಆ ಧೂಳಿನ ನಡುವೆ ನಿಂತು ಕೆಲಸದವರಿಗೆ ಟೀ ಕೊಟ್ಟು, ಬೈದು, ಮತ್ತೆ ಟೀ ಕೊಟ್ಟರು. ಹೊಸ ಗಾರೆ ಒಣಗುವ ತನಕ ಗೋಡೆಗೆ ಯಾರಿಗೂ ಏನನ್ನೂ ತಾಗಿಸಲು ಬಿಡಲಿಲ್ಲ. ಕತ್ತರಿ ಮಾವನ ಪರದೆಯನ್ನು ನಾನು ಬಿಚ್ಚಿ ಪುಟ್ಟಿಗೆ ಕೋಟು ಹೊಲಿದೆ.

ಚಳಿಗಾಲ ಬಂತು. ಒಂದು ಮಧ್ಯಾಹ್ನ ನಾನು ಸಮವಸ್ತ್ರಗಳ ರಾಶಿ ಹಾಕಿಕೊಂಡು ಹೊಲಿಯುತ್ತಿದ್ದೆ. ಹಿಂದಿನ ಕೋಣೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಒಳಗೆ ಪುಟ್ಟಿ ಗೋಡೆಯ ಪಕ್ಕಕ್ಕೇ ಹೊರಳಿ ನಿದ್ದೆ ಹೋಗಿದ್ದಳು.

"ಆ ಮೆಷಿನ್ ನಿಲ್ಸು ಸ್ವಲ್ಪ."

ನಿಲ್ಲಿಸಿದೆ. "ಏನತ್ತೆ?"

"ಕೇಳು."

ಕಿವಿಗೊಟ್ಟೆ. ಕೆಳಗೆ ಎಲ್ಲೋ ಬಕೆಟ್ಟಿನ ಸದ್ದು, ಮೆಟ್ಟಿಲ ಮೇಲೆ ದಫೇದಾರರ ಬೂಟು. ಹಿಂದಿನ ಕೋಣೆಯಿಂದ ಏನೂ ಇಲ್ಲ.

"ಏನೂ ಕೇಳಿಸ್ತಿಲ್ಲ ಅತ್ತೆ."

"ಹೂಂ" ಎಂದರು ಅವರು. ಒಳಗೆ ಹೋಗಿ ಮಗುವಿನ ಪಕ್ಕ, ಆ ಗೋಡೆಗೆ ಬೆನ್ನು ಕೊಟ್ಟು ಕೂತರು.